ಆಫೀಸಿನ ಕಂಪ್ಯೂಟರ್ ಮನೆಯಲ್ಲಿ ತೆರೆಯಬೇಕೆಂದರೆ: ಎನಿಡೆಸ್ಕೋ, ವಿಪಿಎನ್ನೋ, ಟೇಲ್‌ಸ್ಕೇಲೋ?

ತೊಗರಿ ಸುಗ್ಗಿ ಶುರುವಾಯಿತೆಂದರೆ ಕಲಬುರಗಿಯ ನೆಹರೂ ಗಂಜ್‌ನಲ್ಲಿ ಮುನೀಮರಿಗೆ ಪುರುಸೊತ್ತು ಇರುವುದಿಲ್ಲ. ಹಗಲೆಲ್ಲ ಮಾಲು, ತೂಕ, ಪಟ್ಟಿ. ಲೆಕ್ಕ ಬರೆಯೋದು ರಾತ್ರಿ. ಪ್ರತಿ ತಿಂಗಳು ರಿಟರ್ನ್ ಹಾಕುವವರಿಗೆ 11ನೇ ತಾರೀಖಿಗೆ ಜಿಎಸ್‌ಟಿಆರ್-1, 20ಕ್ಕೆ 3ಬಿ ಬೇರೆ. ಆಗಲೇ ಎಲ್ಲರೂ ಕೇಳೋದು: "ಮನಿಯಾಗ ಕುಂತು ಆಫೀಸಿನ ಟ್ಯಾಲಿ ನೋಡ್ಬೇಕ್ರಿ, ಏನ್ ಮಾಡ್ಬೇಕು?"

ಕೇಳುವವರು ಅಡತಿ ಅಂಗಡಿಯವರು, ದಾಲ್ ಮಿಲ್ಲಿನವರು, ಟ್ಯಾಕ್ಸ್ ಪ್ರಾಕ್ಟೀಷನರ್‌ಗಳು, ಸಣ್ಣ ನರ್ಸಿಂಗ್ ಹೋಮಿನವರು. ಎಲ್ಲರ ಹತ್ತಿರ ಇರೋದು ನಾಲ್ಕರಿಂದ ಹತ್ತು ಕಂಪ್ಯೂಟರ್, ಒಂದು ಪ್ರಿಂಟರ್, ಒಂದು ಸಿಸಿಟಿವಿ ಡಿವಿಆರ್, ಫೈಬರ್ ಕಂಪನಿ ಕೊಟ್ಟ ಒಂದು ರೌಟರ್. ಈ ಬರಹ ಅಂಥ ಆಫೀಸಿಗೆ ಮಾತ್ರ. ಐಟಿ ವಿಭಾಗವೇ ಇರುವ ದೊಡ್ಡ ಕಂಪನಿಯ ಲೆಕ್ಕ ಬೇರೆ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ದಿನವೂ ಕೆಲಸ ಮಾಡಬೇಕಾದರೆ ಟೇಲ್‌ಸ್ಕೇಲ್ ಥರದ ಮೆಶ್ ವಿಪಿಎನ್ (ಮನೆಯ, ಆಫೀಸಿನ ಕಂಪ್ಯೂಟರುಗಳನ್ನು ಇಂಟರ್‌ನೆಟ್ ಮೇಲೆ ಒಂದೇ ಖಾಸಗಿ ನೆಟ್‌ವರ್ಕಿಗೆ ಸೇರಿಸುವ ಆ್ಯಪ್) ಹಾಕಿ, ಅದರ ಒಳಗೆ ವಿಂಡೋಸ್‌ನ ರಿಮೋಟ್ ಡೆಸ್ಕ್‌ಟಾಪ್ ಬಳಸಿ. ಅಪರೂಪಕ್ಕೆ ಒಂದು ಸ್ಕ್ರೀನ್ ನೋಡಬೇಕಾದರೆ ಎನಿಡೆಸ್ಕ್ ಥರ ಪರದೆ ತೋರಿಸುವ ಆ್ಯಪ್ ಸಾಕು. ರೌಟರ್‌ನಲ್ಲಿ ಪೋರ್ಟ್ (ಹೊರಗಿನವರು ಒಳಗೆ ಬರುವ ಬಾಗಿಲು) ತೆರೆದು ಕಂಪ್ಯೂಟರನ್ನು ನೇರವಾಗಿ ಇಂಟರ್‌ನೆಟ್ಟಿಗೆ ಬಿಡೋದು ಮಾತ್ರ ಬೇಡವೇ ಬೇಡ.

ನಿಮಗೆ ನಿಜಕ್ಕೂ ಏನು ಬೇಕು?

ಸಾಹುಕಾರರಿಗೆ ಬೇಕಾಗಿರೋದು ಎಷ್ಟೋ ಸಲ ಬಾಕಿ ಎಷ್ಟು, ಸ್ಟಾಕ್ ಎಷ್ಟು ಅನ್ನೋದಷ್ಟೇ. ಅದಕ್ಕೆ ರಿಮೋಟ್ ಆಕ್ಸೆಸ್ಸೇ ಬೇಡ. ಲೆಕ್ಕದ ಸಾಫ್ಟ್‌ವೇರ್ ಟ್ಯಾಲಿಪ್ರೈಮ್‌ನಲ್ಲಿ ಬ್ರೌಸರ್‌ನಲ್ಲೇ ರಿಪೋರ್ಟ್ ನೋಡುವ ಸೌಲಭ್ಯ ಇದೆ. ಆಫೀಸಿನ ಕಂಪ್ಯೂಟರಿನಲ್ಲಿ ಟ್ಯಾಲಿ ತೆರೆದಿರಬೇಕು, ಕಂಪನಿಯನ್ನು ಕನೆಕ್ಟ್ ಮಾಡಿರಬೇಕು, ಅಷ್ಟೇ. ಮೊಬೈಲಿನಲ್ಲಿ ಲಾಗಿನ್ ಆಗಿ ನೋಡಬಹುದು. ಎಂಟ್ರಿ ಮಾಡಬೇಕು, ಬಿಲ್ ತಿದ್ದಬೇಕು, ಬೇರೆ ಫೈಲ್ ತೆರೆಯಬೇಕು ಅಂದರೆ ಮಾತ್ರ ಮುಂದೆ ಓದಿ.

ಇನ್ನೊಂದು ಪ್ರಶ್ನೆಯೂ ಇದೆ. ನಿಮಗೆ ಬೇಕಾಗಿರೋದು ಒಂದು ಕಂಪ್ಯೂಟರಿನ ಪರದೆಯೋ, ಇಡೀ ಆಫೀಸಿನ ನೆಟ್‌ವರ್ಕೋ? ಪರದೆ ತೋರಿಸುವ ಆ್ಯಪ್‌ಗಳು ಒಂದು ಗುಂಪು. ನಿಮ್ಮ ಮನೆಯ ಲ್ಯಾಪ್‌ಟಾಪನ್ನು ಆಫೀಸಿನ ನೆಟ್‌ವರ್ಕ್ ಒಳಗೇ ಕರೆದುಕೊಂಡು ಹೋಗುವ ವಿಪಿಎನ್‌ಗಳು ಇನ್ನೊಂದು. ಡಿವಿಆರ್ ನೋಡಬೇಕು, ಶೇರ್ಡ್ ಫೋಲ್ಡರ್ ಬೇಕು, ಮೂರು ಜನ ಮೂರು ಕಂಪ್ಯೂಟರಿಗೆ ಹೋಗಬೇಕು ಅಂದರೆ ಎರಡನೆಯದೇ ಸರಿ.

ಪೋರ್ಟ್ ತೆರೆಯುವ ದಾರಿ

ಇದನ್ನು ಬೇಗ ಮುಗಿಸುತ್ತೇನೆ. ರೌಟರ್‌ನಲ್ಲಿ 3389 ಪೋರ್ಟ್ ಫಾರ್ವರ್ಡ್ ಮಾಡಿದರೆ ವಿಂಡೋಸ್ ರಿಮೋಟ್ ಡೆಸ್ಕ್‌ಟಾಪ್ ಹೊರಗಿನಿಂದ ನೇರ ಸಿಗುತ್ತದೆ. ಖರ್ಚಿಲ್ಲ, ಹತ್ತು ನಿಮಿಷದ ಕೆಲಸ. ಆದರೆ ಅದು ರಾತ್ರಿ ಅಂಗಡಿಯ ಶಟರ್ ಎತ್ತಿಟ್ಟು ಮನೆಗೆ ಹೋದಂತೆ. ಇಂಟರ್‌ನೆಟ್ಟಿನಲ್ಲಿ ಇಂಥ ತೆರೆದ ಪೋರ್ಟ್ ಹುಡುಕುವುದಕ್ಕೇ ಪ್ರೋಗ್ರಾಂಗಳು ಹಗಲು ರಾತ್ರಿ ಓಡುತ್ತಿರುತ್ತವೆ. ಸಿಕ್ಕ ಕೂಡಲೇ ಪಾಸ್‌ವರ್ಡ್ ಮೇಲೆ ಪಾಸ್‌ವರ್ಡ್ ಹಾಕಿ ನೋಡುತ್ತವೆ. ಫೈಲ್‌ಗಳಿಗೆಲ್ಲ ಬೀಗ ಹಾಕಿ ದುಡ್ಡು ಕೇಳುವ ರಾನ್ಸಮ್‌ವೇರ್ ಒಳಗೆ ಬರುವ ದೊಡ್ಡ ದಾರಿಗಳಲ್ಲಿ ಇದೂ ಒಂದು. 2019ರ ಮೇ ತಿಂಗಳಲ್ಲಿ ಹೊರಬಿದ್ದ ಬ್ಲೂಕೀಪ್ ಎಂಬ ರಿಮೋಟ್ ಡೆಸ್ಕ್‌ಟಾಪ್ ದೋಷದ ಮೂಲಕ ಒಳಗೆ ಬರಲು ಪಾಸ್‌ವರ್ಡೂ ಬೇಕಿರಲಿಲ್ಲ. ಅದರ ಗಂಭೀರತೆ ಎಷ್ಟಿತ್ತೆಂದರೆ, ಯಾವತ್ತೋ ಬೆಂಬಲ ನಿಲ್ಲಿಸಿದ್ದ ವಿಂಡೋಸ್ ಎಕ್ಸ್‌ಪಿಗೂ ಮೈಕ್ರೋಸಾಫ್ಟ್ ಪ್ಯಾಚ್ (ದೋಷ ತಿದ್ದುವ ಅಪ್‌ಡೇಟ್) ಕೊಟ್ಟಿತು.

"ಪೋರ್ಟ್ ನಂಬರ್ ಬದಲಿಸಿದರೆ ಆಯ್ತಲ್ವಾ?" ಅಂತ ಕೇಳುವವರಿದ್ದಾರೆ. ಆಗುವುದಿಲ್ಲ. ಹುಡುಕುವ ಪ್ರೋಗ್ರಾಂಗಳು ಎಲ್ಲ ನಂಬರ್‌ಗಳನ್ನೂ ತಟ್ಟಿ ನೋಡುತ್ತವೆ. ಈಗಾಗಲೇ ಯಾರಾದರೂ ಹೀಗೆ ಮಾಡಿಕೊಟ್ಟಿದ್ದರೆ ಇವತ್ತೇ ರೌಟರ್ ತೆರೆದು ಆ ಸಾಲನ್ನು ಅಳಿಸಿ. ಡಿವಿಆರ್‌ಗಾಗಿ ತೆರೆದ ಪೋರ್ಟ್‌ಗೂ ಇದೇ ಮಾತು.

ಪರದೆ ತೋರಿಸುವ ಆ್ಯಪ್‌ಗಳು

ಎನಿಡೆಸ್ಕ್, ಟೀಮ್‌ವ್ಯೂವರ್, ಕ್ರೋಮ್ ರಿಮೋಟ್ ಡೆಸ್ಕ್‌ಟಾಪ್, ರಸ್ಟ್‌ಡೆಸ್ಕ್. ಎಲ್ಲ ಹೆಚ್ಚೂಕಡಿಮೆ ಒಂದೇ ರೀತಿ ಕೆಲಸ ಮಾಡುತ್ತವೆ. ಆಫೀಸಿನ ಕಂಪ್ಯೂಟರ್ ತಾನೇ ಹೊರಗಿನ ಸರ್ವರ್‌ಗೆ ಸಂಪರ್ಕ ಇಟ್ಟುಕೊಳ್ಳುವುದರಿಂದ ರೌಟರ್ ಮುಟ್ಟಬೇಕಾಗಿಲ್ಲ, ಸ್ಟ್ಯಾಟಿಕ್ ಐಪಿ (ಬದಲಾಗದ ಇಂಟರ್‌ನೆಟ್ ವಿಳಾಸ) ಬೇಕಿಲ್ಲ. ವಿಂಡೋಸ್ ಹೋಮ್ ಇದ್ದರೂ ನಡೆಯುತ್ತದೆ. ಇದು ಇವುಗಳ ದೊಡ್ಡ ಗುಣ.

ತೊಂದರೆ ಏನು? ಎನಿಡೆಸ್ಕ್, ಟೀಮ್‌ವ್ಯೂವರ್ ಉಚಿತ ಇರೋದು ಸ್ವಂತ ಬಳಕೆಗೆ ಮಾತ್ರ. ವ್ಯಾಪಾರಕ್ಕೆ ಬಳಸುತ್ತಿದ್ದೀರಿ ಅಂತ ಅನುಮಾನ ಬಂದರೆ ಟೀಮ್‌ವ್ಯೂವರ್ ನಡುವೆಯೇ ಕನೆಕ್ಷನ್ ಕತ್ತರಿಸುತ್ತದೆ. 20ನೇ ತಾರೀಖಿನ ರಾತ್ರಿ ಹಾಗಾದರೆ ಏನು ಗತಿ? ಆಫೀಸಿಗೆ ಹಾಕುವುದಾದರೆ ಲೈಸೆನ್ಸ್ ತೆಗೆದುಕೊಳ್ಳಿ. ದುಡ್ಡು ಕೊಡಲು ಮನಸ್ಸಿಲ್ಲದಿದ್ದರೆ ಓಪನ್ ಸೋರ್ಸ್ ಆದ ರಸ್ಟ್‌ಡೆಸ್ಕ್ ನೋಡಿ. ಸ್ವಂತ ಸರ್ವರ್ ಇಟ್ಟುಕೊಂಡೂ ಅದನ್ನು ನಡೆಸಬಹುದು.

ಸುರಕ್ಷತೆಯ ಮಾತೂ ಇದೆ. ಬ್ಯಾಂಕಿನವರೆಂದು ಹೇಳಿಕೊಂಡು ಎನಿಡೆಸ್ಕ್ ಹಾಕಿಸಿ ಯುಪಿಐ ಮೂಲಕ ದುಡ್ಡು ಎಗರಿಸುವವರ ಬಗ್ಗೆ ರಿಸರ್ವ್ ಬ್ಯಾಂಕ್ 2019ರ ಫೆಬ್ರವರಿಯಲ್ಲೇ ಎಚ್ಚರಿಸಿತ್ತು. 2024ರ ಫೆಬ್ರವರಿಯಲ್ಲಿ ಎನಿಡೆಸ್ಕ್ ಕಂಪನಿಯ ಸರ್ವರ್‌ಗಳಿಗೇ ಕಳ್ಳರು ನುಗ್ಗಿದ್ದ ವಿಷಯವನ್ನು ಆ ಕಂಪನಿಯೇ ತಿಳಿಸಿತು. ಹಾಗಂತ ಆ್ಯಪ್ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಆದರೆ ಯಾರೂ ಇಲ್ಲದಾಗಲೂ ಒಳಗೆ ಬಿಡುವ ಪಾಸ್‌ವರ್ಡನ್ನು ಇದರಲ್ಲಿ ಇಡುವುದಾದರೆ ಅದು ಉದ್ದ ಇರಲಿ, ಬೇರೆಲ್ಲೂ ಬಳಸದ್ದಾಗಿರಲಿ, ಟು-ಫ್ಯಾಕ್ಟರ್ (ಪಾಸ್‌ವರ್ಡ್ ಜೊತೆಗೆ ಇನ್ನೊಂದು ಕೋಡ್ ಕೇಳುವ ವ್ಯವಸ್ಥೆ) ಆನ್ ಇರಲಿ. ಆಫೀಸಿನ ಹುಡುಗರಿಗೂ ಒಂದು ಮಾತು ಹೇಳಿಡಿ: ಫೋನಿನಲ್ಲಿ ಯಾರೇ ಆ್ಯಪ್‌ನಲ್ಲಿ ಕಾಣುವ ಐಡಿ ನಂಬರ್ ಕೇಳಿದರೂ ಕೊಡಬಾರದು. ಮೋಸ ಆಗಿಬಿಟ್ಟಿದ್ದರೆ ತಡಮಾಡದೆ ಸೈಬರ್ ಅಪರಾಧದ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ರೌಟರ್‌ನಲ್ಲೇ ವಿಪಿಎನ್

ಇದು ಹಳೆಯ, ನಂಬಿಕಸ್ಥ ದಾರಿ. ಆಫೀಸಿನ ರೌಟರ್‌ನಲ್ಲಿ ವೈರ್‌ಗಾರ್ಡ್ ಅಥವಾ ಓಪನ್‌ವಿಪಿಎನ್ ಸರ್ವರ್ ಹಾಕುತ್ತೀರಿ. ಮನೆಯ ಲ್ಯಾಪ್‌ಟಾಪ್‌ನಲ್ಲಿ ಅದರ ಕೀ ಇರುತ್ತದೆ. ನಡುವೆ ಬೇರೆ ಯಾವ ಕಂಪನಿಯ ಸರ್ವರೂ ಇಲ್ಲ, ತಿಂಗಳ ಬಾಡಿಗೆ ಇಲ್ಲ. ಮೈಕ್ರೋಟಿಕ್ ರೌಟರ್‌ಗಳಲ್ಲಿ ಅವುಗಳ ಸಾಫ್ಟ್‌ವೇರ್ ಆದ ರೌಟರ್‌ಒಎಸ್‌ನ 7ನೇ ಆವೃತ್ತಿಯಿಂದ ವೈರ್‌ಗಾರ್ಡ್ ಜೊತೆಗೇ ಬರುತ್ತದೆ. ವೈರ್‌ಗಾರ್ಡ್ 2020ರಲ್ಲಿ ಲಿನಕ್ಸ್ ಕರ್ನಲ್ ಒಳಗೇ ಸೇರಿತು. ಹಗುರ ಇದೆ, ವೇಗ ಇದೆ, ಸರಿಯಾದ ಕೀ ಇಲ್ಲದವರು ತಟ್ಟಿದರೆ ಉತ್ತರವನ್ನೇ ಕೊಡುವುದಿಲ್ಲ. ಹಳೆಯ ರೌಟರ್‌ನಲ್ಲಿ ಪಿಪಿಟಿಪಿ ಅನ್ನುವ ಹಳೆಯ ವಿಪಿಎನ್ ವಿಧಾನ ಕಂಡರೆ ಅದನ್ನು ಬಿಟ್ಟುಬಿಡಿ. ಅದನ್ನು ಒಡೆಯಬಹುದು ಅನ್ನೋದು 2012ರಲ್ಲೇ ಸಾಬೀತಾಗಿದೆ.

ನಮ್ಮ ಕಡೆ ಇದಕ್ಕೆ ಅಡ್ಡ ಬರೋದು ಇಂಟರ್‌ನೆಟ್ ಲೈನ್. ಸರ್ವರ್ ಆಫೀಸಿನಲ್ಲಿ ಇರಬೇಕಾದರೆ ಹೊರಗಿನಿಂದ ತಲುಪುವ ಪಬ್ಲಿಕ್ ಐಪಿ ಬೇಕು. ಬಹಳಷ್ಟು ಫೈಬರ್ ಕಂಪನಿಗಳು, ಹೆಚ್ಚೂಕಡಿಮೆ ಎಲ್ಲ 4ಜಿ-5ಜಿ ಡಾಂಗಲ್‌ಗಳು ಒಂದೇ ಪಬ್ಲಿಕ್ ಐಪಿಯನ್ನು ನೂರಾರು ಗಿರಾಕಿಗಳಿಗೆ ಹಂಚುತ್ತವೆ. ಇದಕ್ಕೆ ಸಿಜಿನ್ಯಾಟ್ ಅನ್ನುತ್ತಾರೆ. ಪರೀಕ್ಷೆ ಸುಲಭ. ರೌಟರ್‌ನ ಸ್ಟೇಟಸ್ ಪುಟದಲ್ಲಿ ವ್ಯಾನ್ ಐಪಿ (ಹೊರಗಿನ ಲೈನಿನ ಕಡೆಯ ವಿಳಾಸ) ಎಷ್ಟಿದೆ ನೋಡಿ. ಅದೇ ಆಫೀಸಿನ ಕಂಪ್ಯೂಟರಿನಲ್ಲಿ ಗೂಗಲ್‌ಗೆ ಹೋಗಿ ನನ್ನ ಐಪಿ ಯಾವುದು ಅಂತ ಹುಡುಕಿ. ಎರಡೂ ಒಂದೇ ಇದ್ದರೆ ನಿಮ್ಮದು ಪಬ್ಲಿಕ್ ಐಪಿ. ವ್ಯಾನ್ ಐಪಿ 10ರಿಂದ ಅಥವಾ 100.64ರಿಂದ 100.127ರ ನಡುವಿನ ಅಂಕಿಯಿಂದ ಶುರುವಾಗಿದ್ದರೆ ಸಿಜಿನ್ಯಾಟ್ ಒಳಗಿದ್ದೀರಿ. ಆಗ ಎರಡೇ ದಾರಿ. ಫೈಬರ್ ಕಂಪನಿಗೆ ಹೆಚ್ಚಿನ ದುಡ್ಡು ಕೊಟ್ಟು ಸ್ಟ್ಯಾಟಿಕ್ ಐಪಿ ತೆಗೆದುಕೊಳ್ಳಬೇಕು, ಇಲ್ಲವೇ ಮುಂದೆ ಹೇಳುವ ಮೆಶ್ ವಿಪಿಎನ್‌ಗೆ ಹೋಗಬೇಕು.

ಇನ್ನೊಂದು ಸಣ್ಣ ಸಂಗತಿ ತುಂಬಾ ಜನರನ್ನು ಕಾಡುತ್ತದೆ. ಆಫೀಸಿನ ರೌಟರ್ ಒಳಗಡೆ ಹಂಚುವ ಐಪಿ ನಂಬರ್ ಶುರುವಾಗೋದೂ 192.168.1ರಿಂದ, ಮನೆಯ ರೌಟರಿನದ್ದೂ 192.168.1ರಿಂದ. ವಿಪಿಎನ್ ಕನೆಕ್ಟ್ ಆಗಿದೆ ಅಂತ ತೋರಿಸುತ್ತದೆ, ಆದರೆ ಏನೂ ತೆರೆಯುವುದಿಲ್ಲ. ನೀವು 192.168.1.10 ಅಂದರೆ ಲ್ಯಾಪ್‌ಟಾಪ್ ಅದನ್ನು ಮನೆಯಲ್ಲೇ ಹುಡುಕುತ್ತದೆ. ಶುರು ಮಾಡುವ ಮೊದಲೇ ಆಫೀಸಿನ ನಂಬರನ್ನು 192.168.47 ಥರ ಯಾರೂ ಬಳಸದ ಅಂಕಿಗೆ ಬದಲಿಸಿಬಿಡಿ. ಪ್ರಿಂಟರಿಗೂ ಡಿವಿಆರ್‌ಗೂ ಹೊಸ ನಂಬರ್ ಕೊಡಬೇಕಾಗುತ್ತದೆ, ಒಂದು ಭಾನುವಾರದ ಕೆಲಸ.

ಗಂಜ್‌ನಲ್ಲಿ ಆಫೀಸು, ಕಪನೂರ ಇಂಡಸ್ಟ್ರಿಯಲ್ ಏರಿಯಾದಲ್ಲಿ ಮಿಲ್ಲು, ಎರಡೂ ಕಡೆ ದಿನವಿಡೀ ಒಂದೇ ಸಾಫ್ಟ್‌ವೇರ್ ನಡೆಯಬೇಕು ಅನ್ನುವವರಿಗೆ ಮಾತ್ರ ನಾನು ಈ ದಾರಿಯನ್ನೇ ಹೇಳುತ್ತೇನೆ. ಎರಡು ರೌಟರ್, ಒಂದು ಕಡೆಯಾದರೂ ಸ್ಟ್ಯಾಟಿಕ್ ಐಪಿ, ನಡುವೆ ವೈರ್‌ಗಾರ್ಡ್. ಒಮ್ಮೆ ಸರಿಯಾಗಿ ಕೂತರೆ ಅದರ ತಂಟೆಗೆ ಹೋಗುವ ಅಗತ್ಯ ಬೀಳುವುದು ಕಡಿಮೆ.

ಟೇಲ್‌ಸ್ಕೇಲ್, ಝೀರೋಟಿಯರ್: ಮೆಶ್ ವಿಪಿಎನ್

ಸಣ್ಣ ಆಫೀಸಿಗೆ ನನಗೆ ಹೆಚ್ಚು ಹಿಡಿಸಿರೋದು ಇದೇ. ಆಫೀಸಿನ ಕಂಪ್ಯೂಟರಿನಲ್ಲೂ ಮನೆಯ ಲ್ಯಾಪ್‌ಟಾಪಿನಲ್ಲೂ ಒಂದೇ ಆ್ಯಪ್ ಹಾಕಿ ಒಂದೇ ನೆಟ್‌ವರ್ಕಿಗೆ ಸೇರಿಸುತ್ತೀರಿ. ಅವು ತಾವೇ ಒಂದನ್ನೊಂದು ಹುಡುಕಿಕೊಳ್ಳುತ್ತವೆ. ಸಿಜಿನ್ಯಾಟ್ ಇದ್ದರೂ ಅಡ್ಡಿಯಿಲ್ಲ, ರೌಟರ್ ಮುಟ್ಟಬೇಕಾಗಿಲ್ಲ. ಟೇಲ್‌ಸ್ಕೇಲ್ ಒಳಗೆ ಓಡೋದು ವೈರ್‌ಗಾರ್ಡೇ. ನೇರ ಸಂಪರ್ಕ ಆಗದಿದ್ದಾಗ ಅವರ ರಿಲೇ ಸರ್ವರ್ ಮೂಲಕ ಹೋಗುತ್ತದೆ, ಆಗ ಸ್ವಲ್ಪ ನಿಧಾನ. ಆದರೆ ಡೇಟಾ ನಿಮ್ಮ ಎರಡು ಯಂತ್ರಗಳ ನಡುವೆ ಗೂಢಲಿಪಿಯಲ್ಲೇ ಇರುತ್ತದೆ, ರಿಲೇಗೆ ಓದಲು ಆಗುವುದಿಲ್ಲ.

ಆ್ಯಪ್ ಹಾಕಲಾಗದ ಪ್ರಿಂಟರ್, ಡಿವಿಆರ್‌ಗಳನ್ನೂ ತಲುಪಬಹುದು. ಆಫೀಸಿನಲ್ಲಿ ಸದಾ ಆನ್ ಇರುವ ಒಂದು ಕಂಪ್ಯೂಟರನ್ನು ಸಬ್‌ನೆಟ್ ರೌಟರ್ ಮಾಡಿದರೆ ಅದೇ ಬಾಗಿಲಿನಂತೆ ಕೆಲಸ ಮಾಡುತ್ತದೆ. ಇಲ್ಲೂ ಮೇಲಿನ 192.168.1ರ ಎಚ್ಚರಿಕೆ ನೆನಪಿರಲಿ.

ಎರಡು ಸೆಟ್ಟಿಂಗ್ ಮರೆಯಬೇಡಿ. ಟೇಲ್‌ಸ್ಕೇಲ್‌ನಲ್ಲಿ ಪ್ರತಿ ಯಂತ್ರದ ಕೀ 180 ದಿನಕ್ಕೆ ಮುಗಿಯುವಂತೆ ಇರುತ್ತದೆ. ಆಫೀಸಿನ ಕಂಪ್ಯೂಟರಿಗೆ ಆ ಕೀ ಎಕ್ಸ್‌ಪೈರಿಯನ್ನು ಆಫ್ ಮಾಡಿಡಿ. ಇಲ್ಲದಿದ್ದರೆ ಆರು ತಿಂಗಳು ಚೆನ್ನಾಗಿ ನಡೆದದ್ದು ಒಂದು ದಿನ ಇದ್ದಕ್ಕಿದ್ದಂತೆ ನಿಲ್ಲುತ್ತದೆ. ಎರಡನೆಯದು, ಇದರ ಲಾಗಿನ್ ನಿಮ್ಮ ಗೂಗಲ್ ಅಥವಾ ಮೈಕ್ರೋಸಾಫ್ಟ್ ಖಾತೆಯದ್ದು. ಆ ಖಾತೆ ಕಳ್ಳರ ಪಾಲಾದರೆ ಆಫೀಸೂ ಅವರ ಪಾಲೇ. ಟು-ಫ್ಯಾಕ್ಟರ್ ಕಡ್ಡಾಯ ಅಂದುಕೊಳ್ಳಿ. ಮಾಲೀಕರ ಹೆಸರಿನ ಖಾತೆಯಿಂದಲೇ ಶುರು ಮಾಡಿ. ಕಂಪ್ಯೂಟರ್ ರಿಪೇರಿಯವರ ಜಿಮೇಲ್‌ನಿಂದ ಖಂಡಿತ ಬೇಡ.

ಉಚಿತ ಪ್ಲಾನ್ ಸ್ವಂತ ಬಳಕೆಗೆ ಇರುವಂಥದ್ದು. ಆಫೀಸಿಗೆ ಆದರೆ ತಲೆಗೆ ಇಷ್ಟು ಅಂತ ತಿಂಗಳ ಶುಲ್ಕದ ಪ್ಲಾನ್ ನೋಡಿಕೊಳ್ಳಿ. ಸ್ಟ್ಯಾಟಿಕ್ ಐಪಿಯ ಖರ್ಚು, ಹೊಸ ರೌಟರಿನ ಖರ್ಚು ಎರಡನ್ನೂ ಎದುರಿಗೆ ಇಟ್ಟು ಹೋಲಿಸಿ ನೋಡಿ. ಇಬ್ಬರು ಮೂವರು ಇದ್ದರೆ ಇದು ಹಗುರ, ಎಂಟು ಹತ್ತು ಜನ ದಿನವೂ ಬಳಸುವುದಾದರೆ ರೌಟರಿನ ವಿಪಿಎನ್ ಕಡೆ ತಕ್ಕಡಿ ವಾಲುತ್ತದೆ.

ವಿಪಿಎನ್ ಕಾನೂನಿಗೆ ವಿರುದ್ಧ ಅಲ್ವಾ ಅಂತ ಹೆದರುವವರಿಗೆ: ಅಲ್ಲ. 2022ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆ ಸರ್ಟ್-ಇನ್ ಹೊರಡಿಸಿದ ನಿಯಮದಲ್ಲಿ ಗಿರಾಕಿಗಳ ದಾಖಲೆ ಐದು ವರ್ಷ ಇಡಬೇಕು ಅಂತ ಹೇಳಿದ್ದು ಜನರಿಗೆ ವಿಪಿಎನ್ ಸೇವೆ ಮಾರುವ ಕಂಪನಿಗಳಿಗೆ. ಸಂಸ್ಥೆಯೊಂದು ತನ್ನ ಸ್ವಂತ ಕೆಲಸಕ್ಕೆ ಇಟ್ಟುಕೊಳ್ಳುವ ವಿಪಿಎನ್‌ಗೆ ಅದು ಅನ್ವಯಿಸುವುದಿಲ್ಲ ಅಂತ ಆಮೇಲೆ ಸ್ಪಷ್ಟಪಡಿಸಿದರು.

ವಿಪಿಎನ್ ಹಾಕಿದ ಮೇಲೆ ಟ್ಯಾಲಿ ಯಾಕೆ ಇಷ್ಟು ನಿಧಾನ?

ಇದು ಅರ್ಥವಾದರೆ ಅರ್ಧ ಗೊಂದಲ ತೀರಿತು. ವಿಪಿಎನ್ ಕನೆಕ್ಟ್ ಆದ ಕೂಡಲೇ ಮನೆಯ ಲ್ಯಾಪ್‌ಟಾಪಿನ ಟ್ಯಾಲಿಗೆ ಆಫೀಸಿನ ಡೇಟಾ ಫೋಲ್ಡರ್ ತೋರಿಸುತ್ತಾರೆ. ಕಂಪನಿ ತೆರೆಯಲು ಐದು ನಿಮಿಷ. ಆಮೇಲೆ "ವಿಪಿಎನ್ ಸರಿಯಿಲ್ಲ" ಅನ್ನುವ ದೂರು.

ಟ್ಯಾಲಿ ಡೇಟಾವನ್ನು ಸಣ್ಣ ಸಣ್ಣ ತುಂಡುಗಳಾಗಿ ಸಾವಿರಾರು ಸಲ ಓದುತ್ತದೆ. ಆಫೀಸಿನ ಕೇಬಲ್ ಮೇಲೆ ಒಂದೊಂದು ಓಡಾಟಕ್ಕೆ ಒಂದು ಮಿಲಿಸೆಕೆಂಡೂ ಬೇಡ. ಮನೆಯಿಂದ ಇಂಟರ್‌ನೆಟ್ ಮೇಲೆ ಹೋಗಿ ಬರಲು ಅದರ ಹತ್ತಾರು ಪಟ್ಟು ಬೇಕು. ಲೈನಿನ ಎಂಬಿಪಿಎಸ್ ಜಾಸ್ತಿ ಮಾಡಿದರೂ ಈ ಓಡಾಟದ ಸಮಯ ಕಡಿಮೆಯಾಗುವುದಿಲ್ಲ. ಇನ್ನೂ ಕೆಟ್ಟದ್ದೆಂದರೆ, ವೋಚರ್ ಸೇವ್ ಆಗುವಾಗ ಲೈನ್ ಕಡಿದರೆ ಡೇಟಾ ಕೆಡಬಹುದು.

ಆದ್ದರಿಂದ ವಿಪಿಎನ್ ಒಳಗೆ ರಿಮೋಟ್ ಡೆಸ್ಕ್‌ಟಾಪ್ ಬಳಸಿ. ಟ್ಯಾಲಿ ಓಡೋದು ಆಫೀಸಿನ ಕಂಪ್ಯೂಟರಿನಲ್ಲೇ. ನಿಮಗೆ ಬರೋದು ಬರೀ ಪರದೆಯ ಚಿತ್ರ, ಹೋಗೋದು ಕೀಬೋರ್ಡಿನ ಒತ್ತು. ನಡುವೆ ಲೈನ್ ಕಡಿದರೂ ಅಲ್ಲಿ ವೋಚರ್ ಹಾಗೇ ತೆರೆದಿರುತ್ತದೆ, ಮತ್ತೆ ಕನೆಕ್ಟ್ ಆಗಿ ಮುಂದುವರಿಸಬಹುದು. ನುಡಿ ಸಾಫ್ಟ್‌ವೇರ್‌ನಲ್ಲಿ ಕನ್ನಡ ಟೈಪ್ ಮಾಡುವವರು ಆಫೀಸಿನ ಕಂಪ್ಯೂಟರಿನಲ್ಲಿರುವ ನುಡಿಯನ್ನೇ ಬಳಸಿದರಾಯಿತು.

ಇದಕ್ಕೆ ಆಫೀಸಿನ ಕಂಪ್ಯೂಟರಿನಲ್ಲಿ ವಿಂಡೋಸ್ ಪ್ರೊ ಬೇಕು. ಹೋಮ್ ಆವೃತ್ತಿ ಬೇರೆ ಕಡೆಗೆ ಹೋಗಬಲ್ಲದು, ಬೇರೆಯವರನ್ನು ಒಳಗೆ ಬಿಡಲಾರದು. ಮನೆಯ ಲ್ಯಾಪ್‌ಟಾಪಿನಲ್ಲಿ ಹೋಮ್ ಇದ್ದರೆ ಪರವಾಗಿಲ್ಲ. ಇನ್ನೂ ವಿಂಡೋಸ್ 10 ಇದ್ದರೆ ಅದರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಹೊರಗಿನಿಂದ ತಲುಪುವ ಕಂಪ್ಯೂಟರನ್ನು ಆ ಸ್ಥಿತಿಯಲ್ಲಿ ಇಡಬೇಡಿ.

ಪ್ರೊದಲ್ಲಿ ಒಂದು ಹೊತ್ತಿಗೆ ಒಬ್ಬರೇ. ನೀವು ಮನೆಯಿಂದ ಹೊಕ್ಕರೆ ಅಲ್ಲಿ ಕೂತವರ ಪರದೆ ಲಾಕ್ ಆಗುತ್ತದೆ. ಹಗಲಲ್ಲೂ ಬೇಕಾದರೆ ಅದಕ್ಕೇ ಬೇರೆ ಒಂದು ಕಂಪ್ಯೂಟರ್ ಇಡಿ. ಒಂದೇ ಯಂತ್ರಕ್ಕೆ ನಾಲ್ಕು ಜನ ಹೋಗುವಂತೆ ಮಾಡಿಕೊಡುತ್ತೇವೆ ಅಂತ ಪ್ಯಾಚ್ ಹಾಕುವವರು ಸಿಗುತ್ತಾರೆ. ಅದು ಲೈಸೆನ್ಸಿಗೆ ವಿರುದ್ಧ, ಮೇಲಾಗಿ ಒಂದು ವಿಂಡೋಸ್ ಅಪ್‌ಡೇಟ್ ಬಂದರೆ ನಿಂತುಹೋಗುತ್ತದೆ. ನಾಲ್ಕು ಜನಕ್ಕೆ ನಿಜಕ್ಕೂ ಬೇಕಾದರೆ ವಿಂಡೋಸ್ ಸರ್ವರ್ ಮತ್ತು ಅದರ ಲೈಸೆನ್ಸ್‌ಗಳು, ಇಲ್ಲವೇ ಬಾಡಿಗೆಯ ಕ್ಲೌಡ್ ಸರ್ವರ್‌ನಲ್ಲಿ ಟ್ಯಾಲಿ. ಕ್ಲೌಡ್‌ನಲ್ಲಿ ಕರೆಂಟಿನ ಚಿಂತೆ ಇಲ್ಲ, ತಿಂಗಳ ಬಾಡಿಗೆ ಮಾತ್ರ ತಪ್ಪದು.

ಟ್ಯಾಕ್ಸ್ ಆಫೀಸಿನವರು ಇದೊಂದನ್ನು ಗಮನಿಸಲೇಬೇಕು. ಡಿಜಿಟಲ್ ಸಹಿಯ ಯುಎಸ್‌ಬಿ ಟೋಕನ್ ಆಫೀಸಿನ ಕಂಪ್ಯೂಟರಿಗೆ ಚುಚ್ಚಿದ್ದೀರಿ, ಮನೆಯಿಂದ ರಿಮೋಟ್ ಡೆಸ್ಕ್‌ಟಾಪ್‌ನಲ್ಲಿ ಹೋದರೆ ಅದು ಕಾಣುವುದೇ ಇಲ್ಲ. ಟೋಕನ್ ಕೆಟ್ಟಿಲ್ಲ. ರಿಮೋಟ್ ಡೆಸ್ಕ್‌ಟಾಪ್ ಸ್ಮಾರ್ಟ್ ಕಾರ್ಡ್‌ಗಳನ್ನು ಹುಡುಕೋದು ನೀವು ಕೂತಿರುವ ಕಡೆ, ಅಂದರೆ ನಿಮ್ಮ ಲ್ಯಾಪ್‌ಟಾಪಿನಲ್ಲಿ. ಟೋಕನ್ ಮನೆಗೆ ತಂದು ಲ್ಯಾಪ್‌ಟಾಪಿಗೆ ಚುಚ್ಚಿ, ಸ್ಮಾರ್ಟ್ ಕಾರ್ಡ್ ಹಂಚುವ ಆಯ್ಕೆಗೆ ಟಿಕ್ ಹಾಕಿದರೆ ಒಳಗೆ ಕಾಣಿಸಿಕೊಳ್ಳುತ್ತದೆ. ಟೋಕನ್ ಆಫೀಸಿನಲ್ಲೇ ಇರಬೇಕು ಅಂದರೆ ಆ ಒಂದು ಕೆಲಸಕ್ಕೆ ಎನಿಡೆಸ್ಕ್ ಥರದ ಆ್ಯಪ್ ವಾಸಿ. ಅದು ತೋರಿಸೋದು ಆಫೀಸಿನ ಅಸಲಿ ಪರದೆಯನ್ನೇ, ಹಾಗಾಗಿ ಅಲ್ಲಿ ಚುಚ್ಚಿದ ಟೋಕನ್ ಅಲ್ಲೇ ಕೆಲಸ ಮಾಡುತ್ತದೆ.

ಕರೆಂಟು ಹೋದರೆ?

ಎಷ್ಟೇ ಒಳ್ಳೆಯ ವಿಪಿಎನ್ ಹಾಕಿದರೂ ಆಫೀಸಿನ ಕಂಪ್ಯೂಟರ್ ಆಫ್ ಆಗಿದ್ದರೆ ಏನೂ ಇಲ್ಲ. ನಮ್ಮ ಬೇಸಿಗೆಯಲ್ಲಿ ಮಧ್ಯಾಹ್ನದ ಬಿಸಿಲಿಗೂ ಸಂಜೆಯ ಗಾಳಿಗೂ ಕರೆಂಟು ಹೋಗೋದು ಇದ್ದದ್ದೇ. ಬಯೋಸ್ ಸೆಟ್ಟಿಂಗ್‌ನಲ್ಲಿ (ವಿಂಡೋಸ್ ಶುರುವಾಗುವ ಮೊದಲು ತೆರೆಯುವ ಕಂಪ್ಯೂಟರಿನ ಮೂಲ ಸೆಟ್ಟಿಂಗ್) ಎಸಿ ಪವರ್ ಹೋಗಿ ಬಂದಾಗ ಏನಾಗಬೇಕು ಅಂತ ಒಂದು ಸಾಲು ಇರುತ್ತದೆ. ಅಲ್ಲಿ "ಪವರ್ ಆನ್" ಅನ್ನೋದನ್ನು ಆರಿಸಿ. ಕರೆಂಟು ಬಂದ ಕೂಡಲೇ ಕಂಪ್ಯೂಟರ್ ತಾನೇ ಏಳುತ್ತದೆ. ವಿಂಡೋಸ್‌ನಲ್ಲಿ ಸ್ಲೀಪ್ ಆಗದಂತೆ ಮಾಡಿ. ಟೇಲ್‌ಸ್ಕೇಲ್ ಹಾಕಿದ್ದರೆ ಅದರ ಅನ್‌ಅಟೆಂಡೆಡ್ ಆಯ್ಕೆಯನ್ನೂ ಆನ್ ಮಾಡಿ. ಆಗ ಯಾರೂ ಲಾಗಿನ್ ಆಗದಿದ್ದರೂ ಅದು ಕನೆಕ್ಟ್ ಆಗಿರುತ್ತದೆ. ರೌಟರಿಗೂ ಫೈಬರ್ ಬಾಕ್ಸಿಗೂ ಚಿಕ್ಕ 12 ವೋಲ್ಟ್ ಯುಪಿಎಸ್ ಸಿಗುತ್ತದೆ, ಕಂಪ್ಯೂಟರ್ ಯುಪಿಎಸ್‌ಗಿಂತ ಎಷ್ಟೋ ಹೊತ್ತು ತಾಳುತ್ತದೆ. ರಾತ್ರಿ ಆಫೀಸು ಮುಚ್ಚುವಾಗ ಮೇನ್ ಸ್ವಿಚ್ ಇಳಿಸುವ ರೂಢಿ ಇದ್ದರೆ ಕಂಪ್ಯೂಟರ್, ರೌಟರ್, ಫೈಬರ್ ಬಾಕ್ಸ್ ಮೂರಕ್ಕೂ ಬೇರೆ ಲೈನ್ ಎಳೆಸಿ, ಆ ಸ್ವಿಚ್‌ಗೆ ಒಂದು ಚೀಟಿ ಅಂಟಿಸಿ.

ಹಾಕಿದ ಮೇಲೆ ಪರೀಕ್ಷೆ ಮಾಡುವಾಗ ಆಫೀಸಿನ ವೈಫೈ ಬಿಟ್ಟು ಮೊಬೈಲ್ ಹಾಟ್‌ಸ್ಪಾಟ್‌ಗೆ ಲ್ಯಾಪ್‌ಟಾಪ್ ಕನೆಕ್ಟ್ ಮಾಡಿ ನೋಡಿ. ಒಳಗಿನ ವೈಫೈ ಮೇಲೆ ಎಲ್ಲವೂ ಚೆನ್ನಾಗಿಯೇ ನಡೆಯುತ್ತದೆ, ಅದರಿಂದ ಏನೂ ಗೊತ್ತಾಗುವುದಿಲ್ಲ. ಆಮೇಲೆ ಟ್ಯಾಲಿ ಮುಚ್ಚಿ, ಕಂಪ್ಯೂಟರ್ ಶಟ್‌ಡೌನ್ ಮಾಡಿ, ಮೇನ್ ಇಳಿಸಿ. ಐದು ನಿಮಿಷ ಬಿಟ್ಟು ಏರಿಸಿ, ಯಾರೂ ಕೈ ಹಚ್ಚದೆ ಹೊರಗಿನಿಂದ ಮತ್ತೆ ಕನೆಕ್ಟ್ ಆಗುತ್ತದೆಯೇ ನೋಡಿ. ಡೇಟಾದ ಬ್ಯಾಕಪ್ ಪೆನ್‌ಡ್ರೈವ್ ಕಂಪ್ಯೂಟರಿಗೆ ಚುಚ್ಚಿಯೇ ಇದ್ದರೆ ತೆಗೆದು ಬೇರೆ ಕಡೆ ಇಡಿ. ಕೆಲಸ ಬಿಟ್ಟು ಹೋದವರ ಹೆಸರು ವಿಪಿಎನ್ ಪಟ್ಟಿಯಲ್ಲಿ ಉಳಿದಿದ್ದರೆ ಅವತ್ತೇ ಅಳಿಸಿ.